ಬಸವಣಪ್ಪನ ಕಾರಿಗೆ ಬಂದ ಹುರುಪು

ಸೋಮವಾರ ಬಸವಕಲ್ಯಾಣದ ಲಲಿತಾಬಾಯಿಯ ಹೊಸ ಹಿಟ್ಟಿನ ಗಿರಣಿ ಬರುವುದಿತ್ತು. ಅದನ್ನು ಕೂರಿಸಬೇಕಾದ ತಗಡಿನ ಶೆಡ್ಡಿನಲ್ಲಿ ಗಂಡ ಬಸವಣಪ್ಪನ ಹದಿಮೂರು ವರ್ಷದ ಬಿಳಿ ಕಾರು ಠಿಕಾಣಿ ಹೂಡಿತ್ತು. ಭಾನುವಾರವೇ ಅದನ್ನು ಮಾರಿ ಬರಬೇಕು, ಇಲ್ಲದಿದ್ದರೆ ಕಾರಿನ ಜೊತೆ ನೀವೂ ಹೊರಗೇ ಮಲಗಿ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದ್ದಳು.

ಪುಣ್ಯಕ್ಕೆ ಹುಮನಾಬಾದಿನ ಗುಲಾಮ್ ರಸೂಲ್ ಎಂಬವರು ಗಾಡಿ ತಂದು ತೋರಿಸಿ ಎಂದು ಫೋನ್ ಮಾಡಿದ್ದರು. ಆದರೆ ಆ ಕಾರು ಏರು ಹತ್ತುವುದೆಂದರೆ ಮೊಣಕಾಲು ನೋವಿನ ಮುದುಕಿ ಮೆಟ್ಟಿಲು ಹತ್ತಿದಂತೆ. ಇದನ್ನು ಯಾರು ಕೊಳ್ಳುತ್ತಾರೆ ಎಂದು ಪಕ್ಕದ ಮನೆಯ ಪಂಡರಿ, ಯಾರೂ ಕೇಳದಿದ್ದರೂ, ಚಿಂತೆಗೆ ಬಿದ್ದ. ಕಾರಿನ ಕಂಪ್ಯೂಟರಿನಿಂದ ಹಳೆಯ ಚಿಪ್ ಕಿತ್ತು ಹೈದರಾಬಾದಿನ ಹೊಸ ಚಿಪ್ ಹಾಕಿದರೆ ಎಂಜಿನ್ನಿಗೆ ಪ್ರಾಯ ಬರುತ್ತದೆಂದು ಅವನೇ ತರಿಸಿಯೂ ಕೊಟ್ಟ.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ನದೀಮ್ ಅದನ್ನು ಕೂರಿಸಿದ. "ಜೋರ್ ಹೊಡದ್ರ ಬೆಣ್ಣಿ ಹಂಗ ಹೋಗ್ತದ. ಸಾವಕಾಶ ಹೊಡದ್ರ ಜಿಗೀತದ. ಎಂಜಿನ್ ಹಳೇದದ ನೋಡ್ರಿ," ಎಂದ.

ಹುಮನಾಬಾದಿಗೆ ಹೊರಟಾಗ ವ್ಯಾಪಾರದ ಸಾಕ್ಷಿಗೆಂದು ಪಂಡರಿ ಮುಂದೆ ಕೂತ. ಅಲ್ಲಿನ ಮಗಳ ಮನೆಗೆ ಕುರ್ಮಾದ ಡಬ್ಬಿ ಒಯ್ಯುತ್ತಿದ್ದ ಎದುರು ಮನೆಯ ಸರ್ದಾರಬಿ ಹಿಂದೆ ಕೂತಳು. ಹೆದ್ದಾರಿಯಲ್ಲಿ ಕಾರು ಎರಡು ಬಸ್ಸು ದಾಟಿತು. ಬಸವಣಪ್ಪನ ಎದೆ ಉಬ್ಬಿತು. ಪೆಟ್ರೋಲಿನ ಮುಳ್ಳು ಇಳಿಯುತ್ತಿರುವುದು ಅವನ ಕಣ್ಣಿಗೆ ಬೀಳಲಿಲ್ಲ.

ಹುಮನಾಬಾದಿನ ಬಜಾರಿನಲ್ಲಿ ಮಾತ್ರ ನಿಧಾನ ಮಾಡಲೇಬೇಕಾಯಿತು. ಕಾರು ಹಗ್ಗ ಬಿಚ್ಚಿದ ಕರುವಿನಂತೆ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು. ಕುರ್ಮಾ ಪಂಡರಿಯ ಬೆನ್ನಿಗಿಳಿಯಿತು. ಸರ್ದಾರಬಿ ಖಾಲಿ ಡಬ್ಬಿ ಹಿಡಿದು, ಬಯ್ಯುತ್ತಲೇ ಇಳಿದುಹೋದಳು.

ಗುಲಾಮ್ ರಸೂಲ್ ಹತ್ತಿದ ಕೂಡಲೇ ಬಸವಣಪ್ಪ ಅವರನ್ನು ಹೆದ್ದಾರಿಗೆ ಒಯ್ದು ಗಾಳಿಯಂತೆ ತಿರುಗಿಸಿ ತಂದ. ಅವರು ಬಾಗಿಲು ಗಟ್ಟಿಯಾಗಿ ಹಿಡಿದು, ಸ್ವಲ್ಪ ಮೆಲ್ಲಗೆ ಹೊಡೆದು ತೋರಿಸಿ ಎಂದರು. ಮೆಲ್ಲಗೆ ಹೊಡೆದಾಗ ಅವರ ಟೋಪಿ ಹಾರಿ ಹಿಂದಿನ ಸೀಟಿಗೆ ಬಿತ್ತು.

ಗುಲಾಮ್ ರಸೂಲ್ ಇಳಿದು ಟೋಪಿ ಜಾಡಿಸಿದರು. "ನಂದು ಮದುವಿ ಬ್ಯಾಂಡ್ ಅದ್ರಿ. ಹೋದ ತಿಂಗಳ ನಿಮ್ಮೂರಾಗ ಈ ಗಾಡಿ ನೋಡಿದ್ದೆ. ನಡಕೊಂಡು ಹೋಗೋರ ಹಿಂದ ಬರಾಕತ್ತಿತ್ತು. ಮದುಮಗನ್ನ ಕೂಡಿಸಿ ಮೆರವಣಿಗಿ ಮಾಡ್ಲಿಕ್ಕ ಇದೇ ಬೇಕಂತ ರೊಕ್ಕ ಸೈತ ತಂದಿಟ್ಟೀನಿ. ಈಗ ಇದು ನಮ್ಮ ಬ್ಯಾಂಡಿನವರ ಮ್ಯಾಲೇ ಹತ್ತತದಲ್ರಿ."

ಬಸವಣಪ್ಪನಿಗೆ ಹೋದ ಜೀವ ಬಂದಂತಾಯಿತು. ಅಷ್ಟೇ ತಾನೆ, ಹಳೆಯ ಚಿಪ್ ಮತ್ತೆ ಹಾಕಿಸಿ ಸಂಜೆಯೊಳಗೆ ತರುತ್ತೇನೆ ಎಂದ. ಗುಲಾಮ್ ರಸೂಲ್ ಕೂಡ ಖುಷಿಯಿಂದ ಒಪ್ಪಿದರು.

ಪಂಡರಿ ಮೆಲ್ಲಗೆ ಕೆಮ್ಮಿದ. "ಹಳೇದು ಎಲ್ಲದ ಬಸವಣ್ಣಾ? ನದೀಮ ಎಲ್ಲಿ ಮತ್ತ ಅದನ್ನೇ ಹಾಕಿ ಮೋಸ ಮಾಡ್ತಾನೋ ಅಂತ ನಾನೇ ಬಾವ್ಯಾಗ ಒಗದು ಬಂದೀನಿ."

ಮಾರಾಟವಾಗದ ಕಾರು ಅರ್ಧ ತಾಸಿನೊಳಗೆ, ಒಂದೇ ಉಸಿರಿಗೆ, ಬಸವಣಪ್ಪ, ಪಂಡರಿ ಇಬ್ಬರನ್ನೂ ಬಸವಕಲ್ಯಾಣಕ್ಕೆ ಮುಟ್ಟಿಸಿತು. ಶೆಡ್ಡಿನ ಮುಂದೆ, ಒಂದು ದಿನ ಮೊದಲೇ ಬಂದಿಳಿದಿದ್ದ ಗಿರಣಿಯ ಪಕ್ಕದಲ್ಲಿ, ಲಲಿತಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.