ನಮ್ಮ ಓಣಿಯ ಮಗ್ಗದ ಲೆಕ್ಕ

ಅರ್ಥಶಾಸ್ತ್ರ ಕಲಿಸುವವನಿಗೆ ಅಂಕಿಸಂಖ್ಯೆ ಎಂದರೆ ನೀರು ಕುಡಿದಷ್ಟು ಸಲೀಸು ಎಂದು ಜನ ತಿಳಿದಿದ್ದಾರೆ. ಅವರ ಈ ತಪ್ಪು ತಿಳಿವಳಿಕೆಯನ್ನು ನಾನು ಇಪ್ಪತ್ತೆಂಟು ವರ್ಷಗಳಿಂದ ಬಹಳ ಜತನದಿಂದ ಕಾಪಾಡಿಕೊಂಡು ಬಂದಿದ್ದೇನೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಯಾವ ಹುಡುಗ ಯಾವ ಸಂಖ್ಯೆ ಕೇಳಿದರೂ ಒಂದು ಗಳಿಗೆ ಫ್ಯಾನಿನ ಕಡೆ ನೋಡುತ್ತೇನೆ, ಕನ್ನಡಕ ಒರೆಸುತ್ತೇನೆ, ಆಮೇಲೆ ‘ಸುಮಾರು’ ಎಂದು ಶುರು ಮಾಡುತ್ತೇನೆ. ಆ ಒಂದು ಶಬ್ದ ನನ್ನ ನೌಕರಿ ಉಳಿಸಿದೆ. ಮನೆಯಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. “ದೇಶದ ಹಣದುಬ್ಬರ ಎಷ್ಟು ಅಂತ ಮಂದಿಗೆ ಭಾಷಣಾ ಮಾಡ್ತೀರಿ, ಮನ್ಯಾಗ ಎಷ್ಟು ಸಿಲಿಂಡರ್ ಅದಾವ ಹೇಳ್ರಿ ನೋಡೂಣು” ಎಂದು ಹೆಂಡತಿ ಗಿರಿಜಾ ಕೇಳಿದರೆ, “ಸುಮಾರು ಎರಡು” ಎನ್ನುತ್ತೇನೆ. ಅವಳು ಹಣೆ ಬಡಿದುಕೊಂಡು ಒಳಗೆ ಹೋಗುತ್ತಾಳೆ.

ಇಂಥ ನನಗೆ ಈ ವರ್ಷ ಕಾಲೇಜಿನ ಸ್ಮರಣ ಸಂಚಿಕೆಗೆ ಇಳಕಲ್ ಸೀರೆಯ ಆರ್ಥಿಕತೆಯ ಬಗ್ಗೆ ಒಂದು ಲೇಖನ ಬರೆಯಿರಿ ಎಂದು ಪ್ರಾಂಶುಪಾಲರು ಹೇಳಿದರು. ಸಾಮಾನ್ಯವಾಗಿ ಇಂಥ ಕೆಲಸ ಬಂದಾಗ ನನಗೆ ಸೊಂಟನೋವು ಕಾಣಿಸಿಕೊಳ್ಳುತ್ತದೆ. ಈ ಸಲ ಮಾತ್ರ ಅವರು ಮಾತು ಮುಗಿಸುವ ಮುನ್ನವೇ ಒಪ್ಪಿಕೊಂಡುಬಿಟ್ಟೆ. ಕಾರಣ ಅವ್ವ. ನನ್ನ ಅವ್ವ ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು ನಲವತ್ತು ವರ್ಷ ಸೀರೆ ನೇಯ್ದವಳು. ಅವಳು ಹೋಗಿ ಐದು ವರ್ಷವಾಯಿತು. ಅವಳು ನೇಯ್ದ ಸೀರೆಗಳು ಯಾರ ಯಾರ ಟ್ರಂಕಿನಲ್ಲಿವೆಯೋ ಗೊತ್ತಿಲ್ಲ. ಒಂದರ ಮೇಲೂ ಅವಳ ಹೆಸರಿಲ್ಲ. ಇರುವುದೊಂದೇ ಫೋಟೊ, ಅದರಲ್ಲೂ ಯಾರದೋ ಮದುವೆಯಲ್ಲಿ ಯಾರದೋ ಭುಜದ ಹಿಂದೆ ಅರ್ಧ ಮುಖ. ಹೀಗಾಗಿ ನನಗೊಂದು ಹುಚ್ಚು ಆಸೆ ಹುಟ್ಟಿತು. ಅವ್ವ ಇದ್ದ ಕಾಲದಲ್ಲಿ ಇಳಕಲ್ಲಿನಲ್ಲಿ ಇಷ್ಟು ಮಗ್ಗಗಳಿದ್ದವು ಎಂದು ಎಲ್ಲೋ ಒಂದು ಕಡೆ ನಂಬುವಂಥ ಅಂಕಿ ಇರಲೇಬೇಕು, ಅದರೊಳಗೆ ಒಂದು ಅವ್ವನದು. ಆ ಅಂಕಿಯನ್ನು ಕಣ್ತುಂಬ ನೋಡಬೇಕು, ಲೇಖನದ ಮೊದಲ ಸಾಲಿನಲ್ಲೇ ಬರೆಯಬೇಕು. ಬೇರೆಯವರಿಗೆ ಅದು ಬರೀ ಸಂಖ್ಯೆ, ನನಗೆ ಗೊತ್ತಲ್ಲ ಒಳಗೆ ಯಾರು ಕೂತಿದ್ದಾಳೆ ಎಂದು.

ಅಂತರ್ಜಾಲದಲ್ಲಿ ಹುಡುಕಲು ಕೂತೆ. ಒಂದು ತಾಣದಲ್ಲಿ ಮಗ್ಗ ಎಣಿಸಿದ್ದರೆ ಇನ್ನೊಂದರಲ್ಲಿ ನೇಕಾರರನ್ನು, ಮತ್ತೊಂದರಲ್ಲಿ ಕುಟುಂಬಗಳನ್ನು ಎಣಿಸಿದ್ದರು. ಹಳೆಯ ಪಟ್ಟಿಗಳಲ್ಲಿ ಇಳಕಲ್ ಹುನಗುಂದ ತಾಲ್ಲೂಕಿನ ಹೊಟ್ಟೆಯೊಳಗಿತ್ತು, ಹೊಸ ಪಟ್ಟಿಗಳಲ್ಲಿ ತಾನೇ ತಾಲ್ಲೂಕಾಗಿ ಬೇರೆ ಮನೆ ಮಾಡಿತ್ತು. ಎರಡನ್ನೂ ಕೂಡಿಸಬೇಕೋ ಕಳೆಯಬೇಕೋ ದೇವರೇ ಬಲ್ಲ. ಒಂದು ಕಡೆ ಜಿಲ್ಲೆ ಆರಿಸಿ, ತಾಲ್ಲೂಕು ಆರಿಸಿ, ವರ್ಷ ಆರಿಸಿ ಎಂದು ಎಲ್ಲ ಕೇಳಿಕೊಂಡು ಕೊನೆಗೆ ನನ್ನನ್ನು ಮೊದಲ ಪುಟಕ್ಕೇ ಬಿಟ್ಟುಬಂದರು. ಒಂದು ಕೋಷ್ಟಕವನ್ನು ಅಡ್ಡಡ್ಡ ಸ್ಕ್ಯಾನ್ ಮಾಡಿದ್ದರು. ಅದನ್ನು ಕತ್ತು ವಾಲಿಸಿಕೊಂಡು ಒಂದು ತಾಸು ಓದಿದೆ. ಗಿರಿಜಾ ಕುತ್ತಿಗೆ ಹಿಡಿದಿದೆ ಎಂದುಕೊಂಡು ಮುಲಾಮು ತಂದು ತಿಕ್ಕಿದಳು. ಯಾವ ಎರಡು ಅಂಕಿಗಳೂ ಒಂದಕ್ಕೊಂದು ಮುಖ ಕೊಟ್ಟು ಮಾತಾಡುವಂತಿರಲಿಲ್ಲ. ಹಿಂದೊಮ್ಮೆ ಬಾದಾಮಿಯಲ್ಲಿ ಗುಡಿ ತೋರಿಸುವ ಗೈಡ್ ಒಬ್ಬರನ್ನು, ಮೆಟ್ಟಿಲು ಎಷ್ಟಿವೆ ಎಂದು ಕೇಳಿದ್ದೆ. “ಹತ್ತಾವ್ರಿಗೆ ಒಂದ್ ಲೆಕ್ಕ, ಇಳ್ಯಾವ್ರಿಗೆ ಒಂದ್ ಲೆಕ್ಕರಿ ಸರ್” ಎಂದಿದ್ದರು. ಆಗ ನಕ್ಕಿದ್ದೆ. ಈಗ ಅನಿಸುತ್ತದೆ, ಅವರಷ್ಟು ಪ್ರಾಮಾಣಿಕರು ನನಗೆ ಅಂತರ್ಜಾಲದಲ್ಲಿ ಒಬ್ಬರೂ ಸಿಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಪವಾಡ ನಡೆಯಿತು. ಒಂದೇ ಅಂಕಿ ಐದು ಕಡೆ ಸಿಕ್ಕಿತು! ಸೀರೆ ಮಾರುವವರ ತಾಣದಲ್ಲಿ, ಪ್ರವಾಸಿಗರ ತಾಣದಲ್ಲಿ, ಯಾರದೋ ಸಂಶೋಧನಾ ವರದಿಯಲ್ಲಿ, ಮತ್ತೆರಡು ಲೇಖನಗಳಲ್ಲಿ ಅದೇ ಅಂಕಿ. ಅದು ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಈ ಪ್ರಬಂಧವನ್ನೂ ಆಧಾರ ಎಂದು ತೋರಿಸುವವರು ಇದ್ದಾರೆ. ನನಗಂತೂ ಕಣ್ಣಲ್ಲಿ ನೀರೇ ಬಂತು. “ಗಿರಿಜಾ, ಅವ್ವ ಸಿಕ್ಕಳು” ಎಂದು ಕೂಗಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಹುಡುಗರಿಗೆ ಮೂಲ ನೋಡಿ, ಮೂಲ ನೋಡಿ ಎಂದು ಬೋಧಿಸಿದ ನಾಲಗೆ ಸುಮ್ಮನಿರಬೇಕಲ್ಲ. ಲೇಖನ ವರದಿಯನ್ನು ತೋರಿಸಿತು, ವರದಿ ಇನ್ನೊಂದು ವರದಿಯನ್ನು, ಅದು ಒಂದು ಹಳೆಯ ಪತ್ರಿಕೆಯ ಸುದ್ದಿಯನ್ನು ತೋರಿಸಿತು. ಸುದ್ದಿಯಲ್ಲಿ ಹೀಗಿತ್ತು: ಹುನಗುಂದದ ಸಮಾರಂಭವೊಂದರಲ್ಲಿ ಬಾಗಲಕೋಟೆಯ ಅರ್ಥಶಾಸ್ತ್ರ ಉಪನ್ಯಾಸಕರೊಬ್ಬರು ಈ ಮಾಹಿತಿ ನೀಡಿದರು. ಜಿಲ್ಲೆಯಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕರು ಬೇಕಾದಷ್ಟಿದ್ದಾರೆ. ಆದರೆ ಆ ದಿನ ಆ ವೇದಿಕೆಯ ಮೇಲೆ ಶಾಲು ಹೊದ್ದುಕೊಂಡು ಕೂತವನು ನಾನೇ.

ಎಲ್ಲ ನೆನಪಾಯಿತು. ಭಾಷಣದ ಹಿಂದಿನ ದಿನ ಇಳಕಲ್ಲಿನ ಮನೆಗೆ ಹೋಗಿದ್ದೆ. ಹೇಳಲು ಒಂದು ಭಾರಿ ಅಂಕಿ ಬೇಕಾಗಿತ್ತು. “ಅವ್ವಾ, ನಮ್ಮ ಓಣ್ಯಾಗ ಎಷ್ಟು ಮಗ್ಗ ಅದಾವ?” ಎಂದು ಕೇಳಿದೆ. ಅವಳು ಮಗ್ಗದಲ್ಲಿ ಕೂತಲ್ಲೇ ಕಣ್ಣು ಮುಚ್ಚಿ ಕಿವಿಗೊಟ್ಟಳು. ಒಂದೊಂದು ಸಪ್ಪಳಕ್ಕೂ ಒಂದೊಂದು ಬೆರಳು ಮಡಿಚಿದಳು. ಇದು ಶಂಕ್ರವ್ವನದು, ಇದು ಎದುರುಮನಿ ಚಾಚಿದು, ಇದು ಕುಂಟತೈತಿ, ಆ ಮೂಲಿಮನಿ ಮುದುಕಂದು ಎಂದು ಹೇಳುತ್ತ ಹೋದಳು. ಯಾವ ಮಗ್ಗ ಯಾರದು, ಅದರ ಮುಂದೆ ಕೂತವರ ಸಿಟ್ಟು ಎಷ್ಟು ಎಂಬುದೂ ಅವಳ ಕಿವಿಗೆ ಗೊತ್ತಿತ್ತು. ಕಣ್ಣು ತೆರೆದು, “ಹತ್ತೊಂಬತ್ತು ನೋಡಪಾ” ಎಂದಳು. ನಾನು ಅದನ್ನು ಊರಿನ ಓಣಿಗಳಿಂದ ಗುಣಿಸಿ, ಮರುದಿನ ಗಂಟಲು ಸರಿಮಾಡಿಕೊಂಡು ಸಭೆಯಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು.

ನಾಚಿಕೆಯಾಯಿತು, ಖರೆ. ಆದರೆ ನಾಚಿಕೆಯ ಬೆನ್ನಿಗೇ ಖುಷಿಯೂ ಆಯಿತು. ಸರಕಾರದ ಲೆಕ್ಕ ಹಾಳಾಗಿ ಹೋಗಲಿ, ಜಗತ್ತೆಲ್ಲ ನಂಬಿ ಓದುತ್ತಿರುವುದು ನನ್ನ ಅವ್ವನ ಬೆರಳೆಣಿಕೆ! ಆದರೂ ಒಮ್ಮೆ ಹೋಗಿ ಓಣಿಯ ಲೆಕ್ಕವನ್ನಾದರೂ ತಾಳೆ ನೋಡಬೇಕೆನಿಸಿ ಮರುದಿನವೇ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಳ್ಳಲು ಇಳಿದರೆ ಸಾಲು ಅಂಗಡಿಗಳ ಪ್ರತಿ ಬೋರ್ಡಿನಲ್ಲೂ ಅಸಲಿ ನಾವೇ ಎಂದಿತ್ತು. ಅಂತರ್ಜಾಲಕ್ಕಿಂತ ಇದು ವಾಸಿ, ತಿಂದಾದರೂ ನೋಡಬಹುದು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಹಾಡುಹಗಲೇ ಗಪ್‌ಚುಪ್. ಅವ್ವನ ಜೀವದ ಗೆಳತಿ, ಎದುರುಮನೆಯ ಮಹಬೂಬಿ ಚಾಚಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕರದಂಟಿನ ಪೊಟ್ಟಣ ಕೊಟ್ಟು, ಬಂದ ಕಾರಣ ಹೇಳಿದೆ.

“ಅಯ್ಯ, ಈಗ ಏನ್ ಎಣಸ್ತಿ ಈರಣ್ಣಾ? ನಂದರ ನಡೀತೈತೇನು? ಆವಾಗಿನ ಲೆಕ್ಕ ಹೇಳು. ನಿಮ್ಮವ್ವ ಎಷ್ಟು ಅಂದಿದ್ಲು?”

“ಹತ್ತೊಂಬತ್ತು ಚಾಚಿ.”

ಚಾಚಿ ಓಣಿಯ ಒಂದು ತುದಿಯಿಂದ ಮನೆಮನೆ ಹೆಸರು ಹಿಡಿದು ಬಂದಳು, ಇನ್ನೊಂದು ತುದಿ ಮುಟ್ಟಿದಳು. “ಇಪ್ಪತ್ತು” ಎಂದಳು.

“ಅವ್ವನ ಕಿವಿ ತಪ್ಪೂದಿಲ್ಲ ಚಾಚಿ. ನನ್ ಮುಂದ ಎಣಿಸ್ಯಾಳ.”

“ಎಲ್ಲಿ ಕುಂತು ಎಣಿಸಿದ್ಲು?”

“ಮಗ್ಗದಾಗನ. ಲಾಳಿ ನಿಲ್ಲಿಸಿ, ಕಣ್ಣು ಮುಚ್ಚಿ...”

“ಮತ್ತ! ನಿಂತ ಮಗ್ಗ ಸಪ್ಪಳ ಮಾಡ್ತೈತೇನೋ ಹುಚ್ಚಪ್ಪಾ? ಎಲ್ಲಾರ್ದೂ ಎಣಿಸ್ಯಾಳ, ತಂದು ಬಿಟ್ಟಾಳ. ನೀ ಸಾಲಿ ಕಲತಾವ, ಬಾಜೂಕ ಕುಂತಾವ, ನಿನಗರ ತಿಳೀಲಿಲ್ಲೇನು?”

ಚಾಚಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. ನಾನೂ ನಕ್ಕೆ. ನಗುತ್ತಲೇ ಎದುರಿಗಿದ್ದ ನಮ್ಮ ಹಳೆಯ ಮನೆಯ ಬಾಗಿಲು ನೋಡಿದೆ, ಆಮೇಲೆ ನಗಲಾಗಲಿಲ್ಲ. ಅವ್ವ ನನಗೆ ಬಹಳ ನೆನಪಾದಳು. ಯಾವ ಅಂಕಿಯಲ್ಲಿ ಅವಳು ಸಿಕ್ಕಳು ಎಂದು ಕೂಗಿದ್ದೆನೋ ಅದರಲ್ಲಿ ಇಲ್ಲದವಳು ಅವಳೊಬ್ಬಳೇ. ಸಾಲದ್ದಕ್ಕೆ ನಾನು ಅದನ್ನು ಓಣಿಗಳಿಂದ ಗುಣಿಸಿದವನು, ಓಣಿಗೊಬ್ಬಳಂತೆ ಎಷ್ಟು ಅವ್ವಂದಿರನ್ನು ಬಿಟ್ಟಿದ್ದೇನೋ.

ಲೇಖನ ಬರೆದು ಕೊಟ್ಟೆ. ಇಳಕಲ್ಲಿನ ಮಗ್ಗಗಳ ಒಟ್ಟು ಸಂಖ್ಯೆ ನನಗೆ ತಿಳಿದಿಲ್ಲ, ಎಲ್ಲ ಕಡೆ ಓಡಾಡುತ್ತಿರುವ ಅಂಕಿ ನನ್ನದೇ ತಪ್ಪು, ಖಾತ್ರಿಯಾಗಿ ಹೇಳಬಲ್ಲದ್ದು ಅವ್ವನ ಒಂದು ಮಗ್ಗದ ಬಗ್ಗೆ ಮಾತ್ರ ಎಂದು ಮೊದಲ ಸಾಲಿನಲ್ಲೇ ಬರೆದೆ. ಪ್ರಾಂಶುಪಾಲರು ಓದಿ ಕನ್ನಡಕದ ಮೇಲಿಂದ ನೋಡಿದರು. “ಏನ್ರೀ ಸರ್, ಅರ್ಥಶಾಸ್ತ್ರದವ್ರಾಗಿ ನಿಮಗ ಗೊತ್ತಿರೂದು ಒಂದ ಮಗ್ಗೇನ್ರಿ?” ಎಂದು ಕೇಳಿದರು. ಹೂಂ ಎಂದೆ. ಆ ಒಂದನ್ನೂ ಚಾಚಿ ಹೇಳಿಕೊಡಬೇಕಾಯಿತು ಎಂದು ಮಾತ್ರ ಅವರಿಗೆ ಹೇಳಲಿಲ್ಲ.