ಚಿಕ್ಕ ಅಳಿಯನ ಹೆಡ್‌ಲೈಟು

ಕತ್ತಲಾದ ಮೇಲೆ ಕಾರು ಓಡಿಸಲು ಬಸವಪ್ರಭುವಿಗೆ ಬರುವುದಿಲ್ಲ ಎಂದು ಅವನ ಮಾವ ರೇವಣಸಿದ್ದಯ್ಯನವರು ಎರಡು ವರ್ಷದ ಹಿಂದೆಯೇ ತೀರ್ಪು ಕೊಟ್ಟಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರ ತೀರ್ಪು, ಅದಕ್ಕೆ ಮೇಲ್ಮನವಿ ಇಲ್ಲ. ತಪ್ಪೂ ಅಳಿಯನದೇ ಬಿಡಿ. ಗುಬ್ಬಿಯಿಂದ ತುಮಕೂರಿಗೆ ಬರುವಾಗ ಹೆಡ್‌ಲೈಟು ಮಂಕಾಗಿ ದಾರಿ ಕಾಣದೆ, ಮುಂದಿದ್ದ ಟ್ರ್ಯಾಕ್ಟರಿನ ಕೆಂಪು ದೀಪವನ್ನೇ ನಂಬಿಕೊಂಡು ಹೋಗಿ, ಮಾವನ ಸಮೇತ ಯಾರದೋ ದನದ ಕೊಟ್ಟಿಗೆಯ ಮುಂದೆ ಕಾರು ನಿಲ್ಲಿಸಿದ್ದ. ಆ ಮನೆಯವರು ನೆಂಟರು ಬಂದರೆಂದು ಕಾಫಿಗೆ ನೀರಿಟ್ಟಿದ್ದರು.

ಅಂದಿನಿಂದ ಸಂಜೆಯ ಕಾರ್ಯಗಳಿಗೆಲ್ಲ ದೊಡ್ಡ ಅಳಿಯ ಉದಯಕುಮಾರನದೇ ಕಾರು. ಮಾವ ಮುಂದಿನ ಸೀಟಿನಲ್ಲಿ, ಬಸವಪ್ರಭು ಹಿಂದೆ ಹಣ್ಣಿನ ಬುಟ್ಟಿಗಳ ಜೊತೆ.

"ಅಳಿಯಂದ್ರೇ, ಕುಣಿಗಲ್ ನಿಶ್ಚಿತಾರ್ಥಕ್ಕೆ ಸಂಜೆ ಐದಕ್ಕೆ ಉದಯ್ ಕಾರಲ್ಲಿ ಹೊರಡೋಣ" ಎಂದು ಆ ಭಾನುವಾರ ಬೆಳಿಗ್ಗೆ ಮಾವನ ಫೋನು ಬಂದಾಗ ಬಸವಪ್ರಭುವಿಗೆ ರೇಗಿತು.

"ಬೇಡ ಮಾವ, ನಾವು ನಮ್ಮ ಕಾರಲ್ಲೇ ಬರ್ತೀವಿ. ಲೈಟ್ ರಿಪೇರಿ ಆಗಿದೆ" ಎಂದುಬಿಟ್ಟ. ಆಗಿರಲಿಲ್ಲ.

"ಮತ್ತೆ ಕೊಟ್ಟಿಗೆಗಾ?" ಎಂದಳು ಹೆಂಡತಿ ಸುಮನಾ.

ಬಾನೆಟ್ ಎತ್ತಿದ್ದೇ ತಡ, ಬೀದಿಯವರು ನೆರೆದರು. ಎದುರು ಮನೆಯ ಭೀಮರಾಜ್, "ಬಲ್ಬ್ ವೀಕು ಕಣ್ರೀ" ಎಂದ. ಹೊಸ ಬಲ್ಬು ಬಂತು. ಬೆಳಕು ಮಾತ್ರ ಹಳೆಯದೇ. ಪಕ್ಕದ ಮನೆಯ ರವಿಕಿರಣ್, "ಬೀಮ್ ಸೆಟ್ಟಿಂಗ್ ಹೋಗಿದೆ" ಎಂದು ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದ. ಒಂದು ದೀಪ ನೆಲ ನೋಡಿತು, ಇನ್ನೊಂದು ತೆಂಗಿನ ಮರದ ಸುಳಿ ನೋಡಿತು. ಅಷ್ಟರಲ್ಲಿ ಗಂಟೆ ಮೂರಾಯಿತು.

ಬಸವಪ್ರಭು ಸೋತು ಹೆಡ್‌ಲೈಟಿನ ಮೇಲೆ ಕೈಯೂರಿದ. ಕೈ ಎತ್ತಿದರೆ ಅಂಗೈಯೆಲ್ಲ ಬೆಳ್ಳಗೆ! ಅವನ ತಾಯಿ ಶಿವರುದ್ರಮ್ಮ ಪ್ರತಿ ಸೋಮವಾರ ಕಾರಿನ ಎರಡು ಕಣ್ಣಿಗೂ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು ನಡುವೆ ಕುಂಕುಮ ಇಡುತ್ತಿದ್ದರು. ಮೂರು ವರ್ಷದ ಸೋಮವಾರಗಳು ಗೋಡೆಯ ಸುಣ್ಣದಂತೆ ಪದರುಗಟ್ಟಿದ್ದವು. ಬೀದಿಯವರೆಲ್ಲ ಅದನ್ನು ನೋಡಿದ್ದರು. ಆದರೆ ವಿಭೂತಿಯಿಂದ ತೊಂದರೆ ಇದ್ದೀತೆಂದು ಯಾರಿಗೆ ತಾನೇ ಹೊಳೆಯಬೇಕು?

ಅವನು ಒದ್ದೆ ಬಟ್ಟೆ ತರುತ್ತಿದ್ದಂತೆಯೇ ತಾಯಿ ಅಡ್ಡ ಬಂದರು. "ಲೇ ಪ್ರಭು, ದೇವರ ವಿಭೂತಿ ಒರೆಸ್ತೀಯೇನೋ?"

"ಅಮ್ಮಾ, ವಿಭೂತಿ ಹಣೆಗೆ ಹಚ್ತಾರೋ, ಕಣ್ಣಿಗೆ ಹಚ್ತಾರೋ?"

"ಹಣೆಗೆ."

"ನೋಡು, ಕಾರಿನ ಹಣೆ ಇದು" ಎಂದು ಬಾನೆಟ್ ತಟ್ಟಿ ತೋರಿಸಿದ. ಶಿವರುದ್ರಮ್ಮ ಕ್ಷಣ ಯೋಚಿಸಿ, "ಹೌದಲ್ವೇನೋ" ಎಂದು ತಾವೇ ಬಟ್ಟೆ ಕಿತ್ತುಕೊಂಡು ಉಜ್ಜಿದರು. ಹಳದಿಗಟ್ಟಿದ್ದ ಗಾಜಿಗೆ ಸುಮನಾ ಟೂತ್‌ಪೇಸ್ಟ್ ಹಾಕಿ ತಿಕ್ಕಿದಳು. ಬಸವಪ್ರಭು ಕಾರನ್ನು ಕತ್ತಲೆಯ ಷೆಡ್ಡಿನೊಳಗೆ ಗೋಡೆಗೆ ಎದುರಾಗಿ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡೂ ದೀಪದ ಬೆಳಕು ಗೆರೆಗಿಂತ ಸ್ವಲ್ಪ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿದ. ಸ್ವಿಚ್ ಒತ್ತಿದರೆ ಗೋಡೆಯ ಬಿರುಕುಗಳನ್ನೆಲ್ಲ ಎಣಿಸಬಹುದಿತ್ತು. ಬೀದಿಯವರು ಚಪ್ಪಾಳೆ ತಟ್ಟಿದರು.

ಕುಣಿಗಲ್ಲಿನಲ್ಲಿ ಊಟ ಮುಗಿಯುವಾಗ ಕತ್ತಲಾಗಿತ್ತು. ಆಗಲೇ ಉದಯಕುಮಾರ ಮುಖ ಸಪ್ಪಗೆ ಮಾಡಿಕೊಂಡು ಬಂದ. "ಮಾವ, ನನ್ ಕಾರಿನ ಲೈಟೇ ಹತ್ತುತಾ ಇಲ್ಲ."

"ನೋಡೋಣ ಬನ್ನಿ ಭಾವ" ಎಂದು ಬಸವಪ್ರಭು ತೋಳು ಮಡಿಸಿದ.

"ಬೇಡಪ್ಪ, ನಾಳೆ ಬಂದು ತೋರಿಸ್ತೀನಿ. ಈಗ ನಿನ್ ಕಾರೇ ಗತಿ."

ಬಸವಪ್ರಭುವಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಾವ ಮುಂದೆ ಕೂತರು. ಉದಯಕುಮಾರ, ಅವನ ಹೆಂಡತಿ ನಂದಿತಾ, ಸುಮನಾ ಹಿಂದೆ. ಈ ಸಲ ಹಣ್ಣಿನ ಬುಟ್ಟಿ ಉದಯಕುಮಾರನ ತೊಡೆಯ ಮೇಲೆ!

ದಾರಿಯುದ್ದಕ್ಕೂ ಮಾವ ಪರೀಕ್ಷೆಯ ಮೇಲ್ವಿಚಾರಕರಂತೆ ನೋಡುತ್ತಿದ್ದರು. ಎದುರಿಗೆ ಲಾರಿ ಬಂದಾಗಲೆಲ್ಲ ಬಸವಪ್ರಭು ಡಿಮ್ ಮಾಡಿದ. ಒಬ್ಬ ಕಣ್ಣು ಕುಕ್ಕುವಂತೆ ಹೈ ಬೀಮ್ ಹಾಕಿಕೊಂಡೇ ಬಂದಾಗ ವೇಗ ತಗ್ಗಿಸಿ, ರಸ್ತೆಯ ಎಡಗಡೆಯ ಬಿಳಿ ಗೆರೆ ನೋಡಿಕೊಂಡು ನೇರ ಸಾಗಿದ. ಹೆಬ್ಬೂರು ದಾಟಿದ ಮೇಲೆ, ಲೈಟೇ ಇಲ್ಲದ ಎತ್ತಿನ ಗಾಡಿಯೊಂದನ್ನು ದೂರದಿಂದಲೇ ಕಂಡು ನಿಧಾನಿಸಿದಾಗ, ಮಾವನ ಬಾಯಿಂದ "ಭೇಷ್" ಬಂತು. ಎರಡು ವರ್ಷ ಕಾದಿದ್ದ ಮಾತು.

ತುಮಕೂರಿನ ಮನೆ ಮುಂದೆ ಇಳಿದ ಮಾವ ಎಲ್ಲರಿಗೂ ಕೇಳುವಂತೆ ಸಾರಿದರು. "ಇನ್ಮೇಲೆ ಕತ್ಲಾದ್ಮೇಲೆ ನಾನು ಕೂರೋದು ಚಿಕ್ಕಳಿಯಂದ್ರ ಕಾರಲ್ಲೇ. ನಾಳೆ ನಿಟ್ಟೂರಲ್ಲಿ ಆರತಕ್ಷತೆ, ನಾಡಿದ್ದು ಕೋರದಲ್ಲಿ ಗೃಹಪ್ರವೇಶದ ಊಟ, ಶುಕ್ರವಾರ ಮಠಕ್ಕೆ. ಆಮೇಲಿಂದು ಫೋನ್ ಮಾಡಿ ಹೇಳ್ತೀನಿ."

ಬಸವಪ್ರಭು ಎದೆಯುಬ್ಬಿಸಿ ತಲೆಯಾಡಿಸಿದ. ಮಾವ ಒಳಗೆ ಹೋದರು.

ಉದಯಕುಮಾರ ಹತ್ತಿರ ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಕೈ ಬಿಟ್ಟಾಗ ಬಸವಪ್ರಭುವಿನ ಅಂಗೈಯಲ್ಲಿ ಹೆಡ್‌ಲೈಟಿನ ಎರಡು ಫ್ಯೂಸುಗಳಿದ್ದವು.

"ನಂದೇ ಕಣೋ, ಊಟಕ್ಕೆ ಮುಂಚೆ ಕಿತ್ತಿಟ್ಕೊಂಡಿದ್ದೆ" ಎಂದ ಅವನು ಮೆಲ್ಲಗೆ. "ಎರಡು ವರ್ಷದಿಂದ ಒಂದು ಭಾನುವಾರನೂ ಸಂಜೆ ಮನೇಲಿ ಕೂತಿಲ್ಲ ಪ್ರಭು. ನಿನ್ ಲೈಟ್ ಯಾವತ್ತು ರಿಪೇರಿ ಆಗತ್ತೋ ಅಂತ ಕಾಯ್ತಾ ಇದ್ದೆ."