ಹೋರಿಗೊಂದು ನ್ಯಾಯ, ಮಾವನಿಗೊಂದು ನ್ಯಾಯ

ಸಿದ್ದಾಪುರ ತಾಲೂಕಿನ ಗಂಡುಜಾತಿ ಯಾರನ್ನಾದರೂ ಕಂಡು ಹೆದರಿ ಓಡಿದ್ದಿದ್ದರೆ ಅದು ನನ್ನ ಸೋದರಮಾವನನ್ನು ಮಾತ್ರ! ತಪ್ಪು ತಿಳಿಯಬೇಡಿ, ಗಂಡುಜಾತಿ ಅಂದರೆ ನಾಲ್ಕು ಕಾಲಿನದು. ಮಾವ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತನಾದವನು. ಹೋರಿಗಳ ಬೀಜ ಒಡೆದು ಎತ್ತು ಮಾಡುವುದರಲ್ಲಿ ಅವನದು ಎತ್ತಿದ ಕೈ. ಅದಕ್ಕೆಂದೇ ಇರುವ ಉದ್ದ ಹಿಡಿಕೆಯ ಇಕ್ಕಳವನ್ನು ಸ್ಕೂಟರಿಗೆ ಕಟ್ಟಿಕೊಂಡು ತ್ಯಾಗಲಿಗೋ ನಿಲ್ಕುಂದಕ್ಕೋ ಹೊರಟರೆ ಆ ದಿಕ್ಕಿನ ಹೋರಿಗಳೆಲ್ಲ ಹಗ್ಗ ಹರಿದುಕೊಳ್ಳುತ್ತಿದ್ದವಂತೆ. ಹಾಗಂತ ಹೇಳಿದವನು ಮಾವನೇ. ಹೋರಿಗಳನ್ನು ವಿಚಾರಿಸಲು ನಾನು ಹೋಗಿಲ್ಲ.

ಇಂಥ ಮಾವನಿಗೆ ಕಳೆದ ವರ್ಷ ಸೊಂಟನೋವು ಶುರುವಾಯಿತು. ಜೊತೆಗೆ ಮೂತ್ರ ಕಟ್ಟಿಕೊಳ್ಳುವುದು. ಡಾಕ್ಟರ ಹತ್ತಿರ ಹೋಗು ಅಂದರೆ ಕೇಳಬೇಕಲ್ಲ! ದನದ ಸೊಂಟಕ್ಕೆ ಹಚ್ಚುವ ಎಣ್ಣೆಯನ್ನೇ ತನ್ನ ಸೊಂಟಕ್ಕೂ ತಿಕ್ಕಿಕೊಂಡ. "ಯನ್ನ ತೂಕ ಒಂದು ಆಕಳ ಕರದ ತೂಕ. ಕರದ ಲೆಕ್ಕದಲ್ಲೇ ಹಚ್ಕತ್ತೆ, ನೀ ತಲೆಬಿಸಿ ಮಾಡ್ಕಳಡ ತಂಗೀ" ಅಂದ ನನಗೆ. ನಮ್ಮ ಕಡೆ ಸೋದರಸೊಸೆಯೂ ತಂಗಿಯೇ. ಕೊನೆಗೆ ನಡೆಯುವುದೇ ಕಷ್ಟವಾದಾಗ ನಾನೂ ಅತ್ತೆಯೂ ಸೇರಿ ಅವನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ನಾನು ಶಿರಸಿಯಲ್ಲಿ ಶಾಲೆಯ ಟೀಚರು. ಹಟಮಾರಿಗಳನ್ನು ಸಾಗಿಸುವ ಅಭ್ಯಾಸ ಇದೆ.

ಅಲ್ಲಿ ಪಿಎಸ್‌ಎ ಎಂಬ ರಕ್ತಪರೀಕ್ಷೆ ಮಾಡಿದರು. ಒಂದಂಕಿಯಲ್ಲಿ ಇರಬೇಕಾದದ್ದು ಮೂರಂಕಿ ಮುಟ್ಟಿತ್ತು. ಅತ್ತೆಯ ಮುಖ ಅರಳಿತು. ದಿನಾ ಡೈರಿಗೆ ಹಾಲು ಹಾಕಿ, ಫ್ಯಾಟ್ ಎಷ್ಟು ಬಂತು ಅಂತ ಬಗ್ಗಿ ನೋಡುವ ಜೀವ ಅದು.

"ಜಾಸ್ತಿ ಬಂದ್ರೆ ಒಳ್ಳೇದಲ್ದನೆ?" ಅಂದಳು.

"ಅದು ಫ್ಯಾಟ್ ಅಲ್ಲ ಅತ್ತೆ" ಅಂದೆ. ಮುಂದಿನ ಪರೀಕ್ಷೆಗಳಲ್ಲಿ ಖಚಿತವಾಯಿತು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು. ಆಗಲೇ ಬೆನ್ನಿನ ಮೂಳೆಗೆ ಹೋಗಿತ್ತು.

ಡಾಕ್ಟರು ಮಾವನನ್ನು ಎದುರಿಗೆ ಕೂರಿಸಿಕೊಂಡು ಸಮಾಧಾನದಿಂದ ಹೇಳಿದರು: "ನೋಡ್ರಿ ಯಜಮಾನ್ರ, ಪೂರಾ ಹೋಗೂದಿಲ್ಲ. ಆದ್ರ ತಡೀಬಹುದು. ಗಂಡಸ್ರ ಹಾರ್ಮೋನು ಈ ರೋಗಕ್ಕ ಮೇವು ಇದ್ದಂಗ. ಮೇವು ಬಂದ್ ಮಾಡಬೇಕು. ಮೂರ ತಿಂಗಳಿಗೊಮ್ಮೆ ಇಂಜೆಕ್ಷನ್ ತಗೋರಿ, ಇಲ್ಲಾ ಒಂದ ಸರ್ತೆ ಸಣ್ಣ ಆಪರೇಷನ್ ಮಾಡಿಸ್ಕೊಂಡ ಬಿಡ್ರಿ. ಯಾವ್ದು ಬೇಕು ನೀವ ಹೇಳ್ರಿ."

"ಆಪರೇಷನ್ನು ಎಂಥದು?"

ಡಾಕ್ಟರು ಹೆಂಗಸರಾದ ನಮ್ಮಿಬ್ಬರ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ವೃಷಣ..." ಅಂದರು.

ಮಾವ ದನಿ ತಗ್ಗಿಸಲಿಲ್ಲ. "ಅಂದ್ರೆ ಬೀಜ ತೆಗೆಯೂದು."

"ಹಂಗ ಅನ್ರಿ."

"ಇಕ್ಕಳದಲ್ಲೋ, ಕೊಯ್ದೋ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಮಾವ ಬಿಡಬೇಕಲ್ಲ! "ಈಗಂತೂ ಬೇಡ. ಮಳೆಗಾಲ ಮುಗೀಲಿ. ಗಾಯದ ಮೇಲೆ ನೊಣ ಕೂತ್ರೆ ಹುಳ ಬೀಳ್ತದೆ."

"ಇಲ್ಲಿ ಏಸಿ ಐತ್ರಿ. ನೊಣ ಬರೂದಿಲ್ಲ."

ಹೊರಡುವಾಗ ಡಾಕ್ಟರು ನನ್ನೊಬ್ಬಳನ್ನೇ ಕರೆದರು. "ಸದ್ಯಕ್ಕ ಗುಳಿಗಿ ಕೊಟ್ಟೀನಿ. ಆದ್ರ ಭಾಳ ದಿನ ತಡ ಮಾಡಬ್ಯಾಡ್ರಿ. ಬೆನ್ನುಹುರಿ ಒತ್ತಿತಂದ್ರ ಕಾಲು ಬೀಳ್ತಾವ" ಅಂದರು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ರಾಮಾಯಣ. ಇಂಜೆಕ್ಷನ್ ಆಗದು. ಯಾಕೆ? ಮಾವನಿಗೆ ಸೂಜಿ ಕಂಡರೆ ಭಯ! ಇಡೀ ತಾಲೂಕಿನ ದನಕ್ಕೆ ಚುಚ್ಚಿದ ಮನುಷ್ಯ, ರಕ್ತ ತೆಗೆಯುವಾಗ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಂಡಿ ನೀಲಿ ಮಾಡಿದ್ದ. ಸರಿ, ಆಪರೇಷನ್? ಅದು ಮರ್ಯಾದೆ ಪ್ರಶ್ನೆ.

"ಆನು ಎಂತ ಹೋರಿಯನೆ? ನಾಳೆ ಪ್ಯಾಟೆಲಿ ಮುಖ ತೋರ್ಸದು ಹ್ಯಾಂಗೆ?"

"ಹೋರಿಗಳಿಗೆ ನೀ ಕೇಳಿದ್ಯ ಮಾವ, ಪ್ಯಾಟೆಲಿ ಮುಖ ತೋರ್ಸದು ಹ್ಯಾಂಗೆ ಹೇಳಿ?" ಅಂದೆ.

ಈ ನಡುವೆ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು ಪಿಸುಗುಟ್ಟಿದಳು. "ಎತ್ತಿಗೆ ಸಿಟ್ಟು ಬತ್ತಿಲ್ಲೆ ಅಡ. ನಿನ್ನ ಮಾವಂಗೂ ಹಂಗೇ ಆಗ್ತಾ, ಡಾಕ್ಟ್ರ ಹತ್ರ ಒಂಚೂರು ಕೇಳೆ." ಮಾವನ ಕಿವಿ ಮಾತ್ರ ಗಟ್ಟಿಮುಟ್ಟಾಗಿತ್ತು. ಆ ಹೊತ್ತಿನಿಂದ ಅತ್ತೆಯ ಜೊತೆ ಮಾತು ಬಂದ್. ಸಾರಿಗೆ ಉಪ್ಪು ಸಾಲದು ಅನ್ನುವುದನ್ನೂ ನನಗೆ ಫೋನು ಮಾಡಿ ಹೇಳತೊಡಗಿದ.

ಕಾಯಿಲೆಗೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಈಗಿನ ಪದ್ಧತಿ. ಮಾವನೂ ಕೇಳಿದ. ಎಲ್ಲಿ? ತನ್ನ ಹಳೆಯ ದನದ ಆಸ್ಪತ್ರೆಯಲ್ಲಿ! ನನ್ನನ್ನೂ ಎಳೆದುಕೊಂಡು ಹೋದ. ಈಗಿರುವ ಡಾಕ್ಟರು ಚಿಕ್ಕ ಪ್ರಾಯದ ಹುಡುಗಿ. ರಿಪೋರ್ಟು ನೋಡಿ ಗಾಬರಿಯಾದಳು.

"ಸರ್, ನಾನು ದನದ ಡಾಕ್ಟರು."

"ಕೆಲಸ ಒಂದೇ ಅಲ್ವಾ?"

ಹುಡುಗಿ ನಗಲಿಲ್ಲ. "ಎತ್ತಾದ ಮೇಲೆ ಏನಾಗ್ತದೆ ಅಂತ ನಿಮಗೆ ಗೊತ್ತಿಲ್ವಾ ಸರ್? ಮೈ ತುಂಬ್ತದೆ, ಹಾರಾಟ ನಿಲ್ತದೆ. ಬಹಳ ವರ್ಷ ಇರ್ತಾವೆ. ನಿಮ್ಮ ವಿಷಯ ಹುಬ್ಬಳ್ಳಿಯವರೇ ಹೇಳಬೇಕು. ತಡ ಮಾತ್ರ ಮಾಡಬೇಡಿ."

ಕಾರಿನಲ್ಲಿ ಬರುವಾಗ ಮಾವ ರಿಪೋರ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಆಮೇಲೆ, "ಬಾಳಾ ವರ್ಷ ಹೇಳ್ತಲೆ ಆ ಹುಡ್ಗಿ" ಅಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಮನೆ ಹತ್ತಿರ ಬಂದಾಗ ತೀರ್ಪು ಹೊರಬಿತ್ತು: "ಆಪರೇಷನ್ನೇ ಆಗ್ಲಿ. ಊರಲ್ಲಿ ಹರ್ನಿಯಾ ಹೇಳು." ನಾನು ಹರ್ನಿಯಾ ಅಂತಲೇ ಹೇಳಿದೆ. ಆದರೂ ಸಂಜೆಯೊಳಗೆ ಯಲ್ಲಾಪುರದ ಆಚೆಯ ವಜ್ರಳ್ಳಿಯಿಂದ ನೆಂಟರೊಬ್ಬರ ಫೋನು ಬಂತು: "ಇಕ್ಕಳ ಅಂವನೇ ತಗಂಡು ಹೋಗವ?"

ಆಪರೇಷನ್ ದಿನ ಹಸಿರು ಅಂಗಿ ತೊಡಿಸಿ ಮಾವನನ್ನು ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಥಿಯೇಟರಿನ ಬಾಗಿಲ ಹತ್ತಿರ ಬಂದಾಗ ಅವನು ಗಾಲಿ ಮಂಚದ ಕಂಬಿ ಹಿಡಿದುಕೊಂಡು ತಳ್ಳುವವರನ್ನು ನಿಲ್ಲಿಸಿದ.

"ತಲೆ ಯಾರು ಹಿಡ್ಕತ್ತ?"

ನರ್ಸಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಮಾವ ಬಿಡಿಸಿ ಹೇಳಿದ: "ಆನು ಸರ್ವೀಸಿನಲ್ಲಿ ಒಂದು ದಿನನೂ ಮನೆಯವ್ರು ತಲೆ ಹಿಡ್ಕಳದೆ ಯಾವ ಹೋರಿಗೂ ಕೈ ಹಚ್ಚಿದ್ನಿಲ್ಲೆ. ಗುರ್ತಿದ್ದವ್ರ ಕೈ ಇದ್ರೆ ಅದಕ್ಕೆ ಹೆದ್ರಿಕೆ ಆಗ್ತಿಲ್ಲೆ." ನಾನು ಅವನ ಹಣೆಯ ಕಡೆ ಕೈ ಚಾಚಿದೆ.

"ನೀನಲ್ಲ ತಂಗೀ. ಅದರ ಕರಿ."

ಅದು ಅಂದರೆ ಅತ್ತೆ. ಜನರೆದುರು ಗಂಡನ ಪಕ್ಕ ಕೂತವಳೂ ಅಲ್ಲ, ಅಂಥ ಅತ್ತೆ ಬಂದು ಎರಡೂ ಕೈಯಲ್ಲಿ ಅವನ ತಲೆ ಹಿಡಿದುಕೊಂಡಳು. ಕಿವಿಯ ಹಿಂದೆ ಮೆಲ್ಲಗೆ ತುರಿಸುತ್ತ, ಕೊಟ್ಟಿಗೆಯಲ್ಲಿ ಹೇಳುವ ಹಾಗೆಯೇ, "ಹೋ... ಹೋ... ಎಂತ ಆಗ್ತಿಲ್ಲೆ, ಆನು ಇಲ್ಲೇ ಇರ್ತೆ" ಅಂದಳು. ಈ ಹಟಮಾರಿ ಮನುಷ್ಯ ಇನ್ನೂ ಬಹಳ ವರ್ಷ ಇರಲಿ ದೇವರೇ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಮಾವ ಕಣ್ಣು ಮುಚ್ಚಿ, ಹಿಡಿದಿದ್ದ ಕಂಬಿ ಬಿಟ್ಟ.